ಅರ್ಧ ಚಾರ್ಜಿನ ದೇವರು

ನಮ್ಮ ಮನಿಗಿ ವಿಮಾನ ಬಂದಾಗಿಂದ ಒಂದಲ್ಲ ಒಂದು ಫಜೀತಿ ಇದ್ದದ್ದೇ. ವಿಮಾನ ಅಂದ್ರ ಥರ್ಮಾಕೋಲಿಂದು, ಮೊಳದುದ್ದ. ನಾ ಶಹಾಪುರದಾಗ ವಿಜ್ಞಾನ ಟೀಚರ್. ಸಾಲಿ ಬಿಟ್ಟಮ್ಯಾಲ ಕೆನಾಲ್ ಏರಿ ಮ್ಯಾಲ ನಿಂತು ರಿಮೋಟಿಂದ ಹಾರಿಸ್ತೀನಿ. ಕೆಳಗ ಭತ್ತದ ಹಸರು, ನೀರಾಗ ಮುಗಿಲು, ಬೆಳ್ಳಕ್ಕಿ ಜೋಡಿ ನನ್ನ ವಿಮಾನ. ಆವಾಗ ನನಗ ಒಲಿ ಮ್ಯಾಲಿನ ಬ್ಯಾಳಿನೂ ನೆನಪಿರಂಗಿಲ್ಲ. ನನ್ನ ನೆಲಕ್ಕ ಇಳಿಸೋದು ಅದರ ಬ್ಯಾಟರಿ.

ತುಂಬಿದ ಕೊಡ

ಈ ಲಿಥಿಯಂ ಬ್ಯಾಟರಿ ಬಳಸದೆ ಇಡುವಾಗ ಅರ್ಧಾನೇ ಚಾರ್ಜ್ ಇರಬೇಕು. ಪೂರ್ತಿ ತುಂಬಿಸಿಟ್ರ ಕೆಡ್ತದ, ಕೆಟ್ಟದ್ದಕ್ಕ ಬೆಂಕಿನೂ ಹತ್ತಬಹುದು. "ಬ್ಯಾಟರಿ ಅರ್ಧ ಅವ ಅತ್ತಿ, ಮುಟ್ಟಬ್ಯಾಡ್ರಿ" ಅಂತ ಹೇಳಿ ಸುರಪುರಕ್ಕ ತವರಮನಿಗಿ ಹೋದೆ. ಬರೂದ್ರಾಗ ಒಂದು ಬ್ಯಾಟರಿ ಪೂರಿ ಹಂಗ ಉಬ್ಬಿತ್ತು.

"ಯಾರು ಚಾರ್ಜ್ ಹಾಕಿದ್ರಿ ಅತ್ತಿ?"

"ನಾನೇ. ಅರ್ಧ ಕೊಡ ಮನ್ಯಾಗ ಇಡಬಾರದವ್ವ. ನೋಡು, ಈಗ ಎಷ್ಟ್ ಮೈತುಂಬಿ ಕುಂತದ!"

ಉಸುಕಿನ ಬಕೀಟು

ಚಾರ್ಜ್ ಹಾಕಿದಾಗ ಯಾರರೆ ಕಾವಲಿರಬೇಕು. ನಮ್ಮ ಮನಿಯವರನ್ನ ಕುಂದ್ರಿಸಿದೆ. ಅಂಗಳದ ಫರಸಿ ಮ್ಯಾಲ ಬ್ಯಾಟರಿ, ಬಾಜೂಕ ಉಸುಕು. "ಬೆಂಕಿ ಕಂಡ್ರ ಸುರುವ್ರಿ" ಅಂದೆ. ಬೇವಿನ ನೆರಳು, ತಂಪನ ಗಾಳಿ, ಅವರಿಗಿ ಜೊಂಪು ಹತ್ತಿತು. ಚಾರ್ಜ್ ಮುಗದು ಮಷಿನ್ ಕುಂಯ್ ಅಂದದ್ದೇ ತಡ, ಎದ್ದವರೇ ಬಕೀಟು ಸುರುವಿಬಿಟ್ರು. ಬ್ಯಾಟರಿ ಮ್ಯಾಲಲ್ಲ, ಅತ್ತಿ ಒಣ ಹಾಕಿದ ಸಂಡಿಗಿ ಮ್ಯಾಲ!

"ಇನ್ನೊಮ್ಮೆ ಇದರಿಂದ ಏನರೆ ಆಗ್ಲಿ, ವಿಮಾನ ಒಲಿಗಿ ಹಾಕ್ತೀನಿ!" ಅಂದ್ರು ಅತ್ತಿ. ಕೆನಾಲಿನ ಆ ಸಂಜಿ ಇಲ್ದ ನಾ ಹೆಂಗಿರ್ಲಿ?

ಮನಿಯವರು ಮಾತ್ರ ಕಣ್ಣು ತಿಕ್ಕೋತ, "ಸಂಡಿಗಿಗಿ ಬೆಂಕಿ ಹತ್ತಲಿಲ್ಲಲ್ಲ, ಅದನ್ನ ನೋಡ್ರಿ" ಅಂದ್ರು.

ಬೇವಿನ ಬುಡದ ಗಡಿಗಿ

ಉಬ್ಬಿದ್ದನ್ನ ಅಂಗಡಿಗಿ ವಾಪಸ್ ಕೊಟ್ಟೆ. ಉಳದಾವನ್ನ ಮಣ್ಣಿನ ಗಡಿಗ್ಯಾಗ ಉಸುಕು ಹಾಕಿ, ಮನಿಯಿಂದ ದೂರ, ಅಂಗಳದ ತುದಿಗಿರೋ ಬೇವಿನ ಬುಡಕ ಇಟ್ಟೆ. ದಿನಾ ಮುಂಜಾನಿ ಮುಚ್ಚಳ ತೆಗದು ನೋಡಿ, ಮೆತ್ತಗ ಮುಚ್ಚಿ ಬರ್ತಿದ್ದೆ. ಬಾಜೂ ಮನಿ ಕಾಕಿ ಇದನ್ನ ಗ್ವಾಡಿ ಮ್ಯಾಲಿಂದ ನೋಡ್ಯಾಳ.

ಒಂದು ಸಂಜಿ ಸಾಲಿಯಿಂದ ಬಂದು ನೋಡ್ತೀನಿ, ಗಡಿಗಿಗಿ ಕುಂಕುಮ, ದಾಸವಾಳ, ಮುಚ್ಚಳದ ಮ್ಯಾಲ ಉರಿಯೋ ಎಣ್ಣಿದೀಪ! ಓಡಿ ಹೋಗಿ ಉಫ್ ಅಂತ ಊದಿದೆ.

"ಅಯ್ಯಯ್ಯ! ದೇವ್ರ ದೀಪ ಊದಿ ಆರಿಸ್ತಾರೇನ?" ಕಾಕಿ ಬಾಯಿ ಬಾಯಿ ಬಡ್ಕೊಂಡ್ಲು.

ಅತ್ತಿ ಹೊರಗ ಬಂದ್ರು. ದೀಪ ನೋಡಿದ್ರು, ಗಡಿಗಿ ನೋಡಿದ್ರು, ನನ್ನ ಮಾರಿ ನೋಡಿದ್ರು. ಮುಗೀತು, ವಿಮಾನ ಒಲಿಗೇ ಅಂದ್ಕೊಂಡೆ.

"ಅಕಿಗ್ಯಾಕ ಬೈತಿ?" ಅಂದ್ರು ಕಾಕಿಗಿ. "ಈ ದೇವ್ರಿಗಿ ಬೆಂಕಿ ಆಗಿಬರಂಗಿಲ್ಲವ್ವ. ತುಂಬಿದ್ದೂ ಆಗಂಗಿಲ್ಲ, ಎಲ್ಲಾ ಅರ್ಧಾನೇ ಬೇಕು. ಅಷ್ಟು ಭಕ್ತಿ ಇದ್ರ ದಿನಾ ಅರ್ಧ ತೆಂಗಿನಕಾಯಿ ಇಟ್ಟು ಹೋಗು. ನಮಗ ಚಟ್ನಿಗಿ ಆಗ್ತದ."