ಯೂನಿಯನ್ ಹಾಲ್‌ನಲ್ಲಿ ನನ್ನ ಗಂಡನ ಪ್ರೇಮ

ನನಗೆ ಸಿಟ್ಟು ಬಂದಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅರ್ಧ ಓದಿದ ಮೇಲೆ, "ಈ ಡೋರೀನ್‌ಗೆ ಏನಾಗಿದೆ ದಾಡಿ, ಅಷ್ಟು ಒಳ್ಳೆ ಗಂಡ ಸಿಕ್ಕಿದ್ದಾನಲ್ಲ" ಎಂದು ನೀವೂ ನಮ್ಮೂರು ವಿರಾಂಗದ ಹೆಂಗಸರ ಹಾಗೆ ರಾಗ ಎಳೆಯುತ್ತೀರಿ. ಒಳ್ಳೆ ಗಂಡ! ಅವರು ನೋಡಿದ್ದು ಎರಡು ಗಂಟೆಯ ನಾಟಕ. ನಾನು ನೋಡುತ್ತಿರುವುದು ಮೂವತ್ತೆಂಟು ವರ್ಷದ್ದು, ಅದೂ ಮಧ್ಯಂತರವಿಲ್ಲದೆ.

ನನ್ನ ಪತಿಮಹಾಶಯ ಕ್ಲೆಮ್ ಕುರಿಗಳ ಉಣ್ಣೆ ಕತ್ತರಿಸುವವನು. ಮೊನ್ನೆ ಮೊನ್ನೆಯವರೆಗೂ ದಿನಕ್ಕೆ ನೂರೈವತ್ತು ಕುರಿ ಬೋಳಿಸುತ್ತಿದ್ದ. ಕುರಿಗಳ ಸಹವಾಸದಿಂದಲೋ ಏನೋ, ಮನುಷ್ಯರ ಭಾಷೆ ಅವನಿಗೆ ಹೆಚ್ಚಾಗಿ ಬೇಕಾಗಲಿಲ್ಲ. ಮನೆಯಲ್ಲಿ ಅವನ ಶಬ್ದಭಂಡಾರ ಒಟ್ಟು ಮೂರು: "ಹ್ಞೂಂ", "ಉಹೂಂ", "ಸಾಸ್ ಎಲ್ಲಿ?" ಈ ಮೂರರಲ್ಲೇ ನಾವು ಮೂರು ಹೆಣ್ಣುಮಕ್ಕಳನ್ನು ಬೆಳೆಸಿ ಮದುವೆ ಮಾಡಿದೆವು. (ನಾಯಿಯ ಜೊತೆ ಮಾತ್ರ ಅವನು ಮಳೆ, ಫುಟ್‌ಬಾಲ್, ಸರ್ಕಾರ, ಎಲ್ಲವನ್ನೂ ಚರ್ಚಿಸುತ್ತಾನೆ. ನಾನು ಬಂದರೆ ಇಬ್ಬರೂ ಸುಮ್ಮನಾಗುತ್ತಾರೆ.)

ಹೀಗಾಗಿ ನನ್ನ ಜೀವ ಇದ್ದದ್ದು ಯೂನಿಯನ್ ಹಾಲ್‌ನಲ್ಲಿ. ನೂರು ವರ್ಷದ ಹಳೇ ರಂಗಮಂದಿರ, ತಗಡಿನ ಮಾಡು. ಮೇಲೆ ಗುಲಾಬಿ ಗಿಳಿಗಳು ನಡೆದಾಡಿದರೆ ಕೆಳಗೆ ನಟರು ಮಾತು ನಿಲ್ಲಿಸಿ ಕಾಯಬೇಕು. ಆದರೆ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅಲ್ಲಿ ಹಾಡೋ, ಜಾದೂನೋ, ನಾಟಕವೋ ಏನಾದರೊಂದು ಇದ್ದೇ ಇರುತ್ತದೆ. ಹೆಂಗಸರೆಲ್ಲ ಒಂದೊಂದು ತಟ್ಟೆ ತಿಂಡಿ ತರುತ್ತೇವೆ. ಮಧ್ಯಂತರದಲ್ಲಿ ಯಾರ ಸ್ಕೋನ್ ಬನ್ನು ಉಬ್ಬಿದೆ, ಯಾರ ಸೊಸೆ ಮುನಿಸಿಕೊಂಡಿದ್ದಾಳೆ ಎಂಬುದೆಲ್ಲ ಇತ್ಯರ್ಥವಾಗುತ್ತದೆ. ಟೀ ಬಾಯ್ಲರಿನ ಉಸ್ತುವಾರಿ ಇಪ್ಪತ್ತೆರಡು ವರ್ಷಗಳಿಂದ ನನ್ನದೇ. ಕ್ಲೆಮ್ ಬಂದರೆ ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದ. ನನಗೂ ಅದೇ ಅನುಕೂಲವಾಗಿತ್ತು.

ಫೆಬ್ರವರಿಯಲ್ಲಿ ನಮ್ಮ ನಾಟಕಗಳ ನಿರ್ದೇಶಕ ರಾಡ್ರಿಕ್ ಮನೆಗೆ ಬಂದ. ನಿವೃತ್ತ ಮೇಷ್ಟ್ರು. ನಲವತ್ತು ಡಿಗ್ರಿ ಬಿಸಿಲಿನಲ್ಲೂ ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಳ್ಳುತ್ತಾನೆ, ಕಲಾವಿದ ಎಂದು ಊರಿಗೆ ಗೊತ್ತಾಗಲಿ ಅಂತ. ನಾಯಕನ ಪಾತ್ರದವನು ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದನಂತೆ. ರಾಡ್ರಿಕ್ ನನ್ನ ಕೈಯ ಟೀ ಕುಡಿಯುತ್ತಾ ಕ್ಲೆಮ್‌ನ ಮುಖವನ್ನೇ ದಿಟ್ಟಿಸಿದ.

"ಇದೇ ಮುಖ! ಗಾಳಿ ಮಳೆ ತಿಂದ ಮುಖ! ಕಡಲ ದೀಪಸ್ತಂಭದ ಕಾವಲುಗಾರನ ಪಾತ್ರ ಇದೆ ಕ್ಲೆಮ್, ಮಾಡ್ತೀಯಾ?"

ನನಗೆ ನಗು ತಡೆಯಲಾಗಲಿಲ್ಲ. "ಅವನಾ? ಅವನ ಬಾಯಿಂದ ಮಾತು ಹೊರಡಿಸ್ಬೇಕು ಅಂದ್ರೆ ಇಕ್ಕಳ ಬೇಕು ರಾಡ್ರಿಕ್! ಆ ಪಾತ್ರ ದೀಪಸ್ತಂಭಕ್ಕೇ ಕೊಡು, ಇವನಿಗಿಂತ ಚೆನ್ನಾಗಿ ಮಾಡುತ್ತೆ."

ಕ್ಲೆಮ್ ನನ್ನನ್ನೊಮ್ಮೆ ನೋಡಿದ. ಆಮೇಲೆ ರಾಡ್ರಿಕ್‌ನತ್ತ ತಿರುಗಿ, "ಮಾಡ್ತೀನಿ" ಎಂದ.

ಅವನಿಗೆ ಪಾತ್ರ ಸಿಕ್ಕಿತು. ನನಗೆ, ಎಂದಿನಂತೆ, ಪಾತ್ರೆ.

ಎರಡು ತಿಂಗಳು ಅವನು ಸಂಜೆ ಐದಕ್ಕೆ ಸರಿಯಾಗಿ ತಾಲೀಮಿಗೆ ಹೋಗಿ ಬಂದ. ಏನು ನಾಟಕ ಎಂದರೆ "ಸಮುದ್ರದ್ದು" ಎನ್ನುತ್ತಿದ್ದ. ಬಿರುಗಾಳಿ, ಹಡಗು, ಹಗ್ಗ ಎಳೆಯುವುದು, ಇಂಥದ್ದೇನೋ ಇರಬೇಕೆಂದು ನಾನೂ ಸುಮ್ಮನಿದ್ದೆ. ಏಪ್ರಿಲ್ ಕೊನೆಗೆ ಒಂದು ದಿನ ತಾಲೀಮಿನವರಿಗೆಂದು ಸ್ಕೋನ್ ತೆಗೆದುಕೊಂಡು ಹಾಲ್‌ಗೆ ಹೋದೆ. ಒಳಗೆ ಕಾಲಿಟ್ಟವಳು ತಟ್ಟೆ ಹಿಡಿದುಕೊಂಡೇ ಕಲ್ಲಾಗಿ ನಿಂತೆ.

ಹಡಗಿಲ್ಲ, ಹಗ್ಗವಿಲ್ಲ. ರಂಗದ ಮೇಲೆ ಒಂದು ಕುರ್ಚಿ. ಕುರ್ಚಿಯಲ್ಲಿ ಗ್ಲೆನಿಸ್. (ನಮ್ಮೂರಿನ ಹೇರ್ ಸಲೂನಿನವಳು, ವಿಧವೆ, ವಯಸ್ಸು ಐವತ್ತೆಂಟು, ಕೂದಲಿನ ವಯಸ್ಸು ಮೂವತ್ತು.) ಅವಳು ಕಾಯಿಲೆಯ ಹೆಂಡತಿ. ನನ್ನ ಗಂಡ, ಸಾಕ್ಷಾತ್ ನನ್ನ ಗಂಡ, ಕೆಟಲ್‌ನಿಂದ ಕಪ್ಪಿಗೆ ಟೀ ಬಗ್ಗಿಸಿ, ಕಪ್ಪಿನ ಕೆಳಗೆ ಸಾಸರ್ ಇಟ್ಟು, ಸಾಸರಿನ ಪಕ್ಕ ಬಿಸ್ಕತ್ತು ಇಟ್ಟು, ಅವಳ ಕೈಗೆ ಕೊಟ್ಟ. ಹೆಗಲಿಗೆ ಶಾಲು ಹೊದಿಸಿದ. ಆಮೇಲೆ, ದೇವರೇ, "ನನ್ನ ಬಂಗಾರ, ಚಳಿಯಾಗುತ್ತಿದೆಯೇ?" ಎಂದ.

ಮೂವತ್ತೆಂಟು ವರ್ಷದಲ್ಲಿ ನನಗೆ ಚಳಿಯಾಗುತ್ತದೆ ಎಂಬ ಸಂಗತಿಯೇ ಆ ಮನುಷ್ಯನ ಗಮನಕ್ಕೆ ಬಂದಿಲ್ಲ!

ಮನೆಗೆ ಬಂದ ಮೇಲೆ ಹಿಡಿದುಕೊಂಡೆ.

"ಕ್ಲೆಮ್, ಟೀ ಮಾಡೋದು ಯಾರು ಹೇಳಿಕೊಟ್ರು ನಿಂಗೆ?"

"ರಾಡ್ರಿಕ್."

"ಮದುವೆ ಆದಾಗಿಂದ ನಾನು ಹೇಳಿಕೊಡ್ತಾ ಇದ್ನಲ್ಲ?"

"ನೀನು ಹೇಳಿಕೊಡ್ಲಿಲ್ಲ ಕಣೇ. ಬೈದೆ."

"ಸರಿ, ಈಗಂತೂ ಕಲಿತ್ಯಲ್ಲ? ನಡಿ ಅಡುಗೆಮನೆಗೆ, ನಂಗೂ ಒಂದು ಕಪ್ ಮಾಡು. ಸಾಸರ್ ಸಮೇತ."

ಅವನು ಸ್ವಲ್ಪ ಯೋಚಿಸಿದ. "ಅಲ್ಲಿ ಕೆಟಲ್‌ನಲ್ಲಿ ಇರೋದು ತಣ್ಣೀರು" ಎಂದು ಹೇಳಿ ನಾಯಿಗೆ ಊಟ ಹಾಕಲು ಹೋದ.

ಆ ವಾರವೆಲ್ಲ ನಾನು ಪಾತ್ರೆ ತೊಳೆದ ಸದ್ದು ಪಕ್ಕದ ಮನೆಯ ನೊಯ್ಲೀನ್‌ಗೂ ಕೇಳಿಸಿತು. ನೊಯ್ಲೀನ್ ನನ್ನ ಆಪ್ತ ಗೆಳತಿ. ಬೆಂಕಿ ಎಲ್ಲಿ ಕಂಡರೂ ಓಡಿ ಬರುತ್ತಾಳೆ, ಸೀಮೆಎಣ್ಣೆ ಹಿಡಿದುಕೊಂಡು.

"ನಾನು ಹೇಳ್ದೆ ಅನ್ಬೇಡ ಡೋರೀನ್, ಗ್ಲೆನಿಸ್ ಹೋದ ವಾರ ಹೊಸ ಸೆಂಟ್ ತರಿಸಿದ್ಲಂತೆ."

"ತರಿಸ್ಲಿ ಬಿಡು. ಕ್ಲೆಮ್‌ಗೆ ಮೂಗು ಕೆಲಸ ಮಾಡೋದು ಕುರಿ ಹತ್ರ ಬಂದಾಗ ಮಾತ್ರ."

ಹಾಗೆಂದೆನೇ ಹೊರತು ಮಾರನೆಯ ದಿನವೇ ಹೋಗಿ ರಾಡ್ರಿಕ್‌ನನ್ನು ಕಂಡೆ. ನಾಟಕಕ್ಕೆ ನಾನೇ ಪ್ರಾಂಪ್ಟರ್ ಆಗುತ್ತೇನೆ ಎಂದೆ. ಪಾಪ, ಅವನಿಗೆ ಸಂತೋಷವೋ ಸಂತೋಷ. ಹಿಂದಿನ ಪ್ರಾಂಪ್ಟರ್ ಐವಿಗೆ ಕಣ್ಣಿನ ಪೊರೆ. ಹೋದ ವರ್ಷ ನಾಯಕ ಮಾತು ಮರೆತಾಗ ಅವಳು ಬೇರೆ ನಾಟಕದ ಮಾತು ಹೇಳಿಕೊಟ್ಟಿದ್ದಳು.

ನನ್ನ ಯೋಜನೆ ನೇರವಾಗಿತ್ತು. ಸಾಸ್ ಬಾಟಲಿ ಎಲ್ಲಿದೆಯೆಂದು ದಿನಾ ಮರೆಯುವ ಮನುಷ್ಯ, ನಲವತ್ತು ಪುಟದ ಮಾತು ಮರೆಯದೇ ಇರುತ್ತಾನೆಯೇ? ಮರೆಯಲಿ. ಊರೆಲ್ಲ ನೋಡುತ್ತಿರುವಾಗ ರಂಗದ ಮೇಲೆ ಬಾಯಿ ಕಳೆದು ನಿಂತು, ಪಕ್ಕದ ಪರದೆಯ ಮರೆಯಲ್ಲಿ ಕೂತ ನನ್ನನ್ನು ಬೇಡುವ ಕಣ್ಣಿನಿಂದ ನೋಡಲಿ. ಆಗ ನಾನು ಪುಸ್ತಕ ಮುಚ್ಚಿ ಛಾವಣಿ ನೋಡುತ್ತಾ ಕೂರುತ್ತೇನೆ!

ಗುರುವಾರ ಕೊನೆಯ ತಾಲೀಮು. ಮೊದಲ ಅಂಕಕ್ಕೆ ಕೂತೆ. ಎರಡನೆಯ ಅಂಕಕ್ಕೆ ಮುಂಚೆ ರಾಡ್ರಿಕ್ ಎಲ್ಲರನ್ನೂ ಕೂಡಿಸಿ ಏನೋ ಸೂಚನೆ ಕೊಡುತ್ತಿದ್ದ. ಅಷ್ಟರಲ್ಲಿ ಬಾಯ್ಲರಿನ ಫ್ಯೂಸ್ ಹಾರಿತು ಎಂದು ನೊಯ್ಲೀನ್ ಕಿರುಚಿದಳು. ನಾನು ಅಡುಗೆಮನೆಗೆ ಓಡಿದವಳು ತಾಲೀಮು ಮುಗಿಯುವವರೆಗೂ ಅಲ್ಲೇ ಉಳಿದೆ.

ಭಾನುವಾರ ಎರಡು ಗಂಟೆಗೆ ಹಾಲ್ ಭರ್ತಿ. ಗೋಡೆಗೊರಗಿ ನಿಂತವರೂ ಇದ್ದರು. ಮೌನಿಬಾಬಾ ಮಾತಾಡುತ್ತಾನಂತೆ ಎಂಬ ಸುದ್ದಿ ಸುತ್ತಲಿನ ಹೊಲಗದ್ದೆಗಳಿಗೂ ಹಬ್ಬಿತ್ತು. ನಾನು ರಂಗದ ಪಕ್ಕ ಸ್ಟೂಲ್ ಮೇಲೆ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ಬೆಕ್ಕಿನ ಹಾಗೆ ಕಾದು ಕೂತೆ.

ಒಂದು ಮಾತೂ ಮರೆಯಲಿಲ್ಲ! ಒಂದಕ್ಷರ ತಪ್ಪಲಿಲ್ಲ! ನನ್ನ ಹುಟ್ಟಿದ ದಿನವನ್ನು ಒಮ್ಮೆಯೂ ನೆನಪಿಟ್ಟುಕೊಳ್ಳದವನು ಅಲೆಗಳ ಬಗ್ಗೆ, ನಕ್ಷತ್ರಗಳ ಬಗ್ಗೆ, ಗ್ಲೆನಿಸ್‌ಳ ಕಣ್ಣುಗಳ ಬಗ್ಗೆ ಪುಟಗಟ್ಟಲೆ ಹರಿಸಿಬಿಟ್ಟ. ಮುಂದಿನ ಸಾಲಿನಲ್ಲಿ ಕರವಸ್ತ್ರಗಳು ಹೊರಬಂದವು. ನಾನು ಪುಸ್ತಕದ ಮೂಲೆಯನ್ನು ಕಚ್ಚಿಕೊಂಡು ಕೂತಿದ್ದೆ.

ಮಧ್ಯಂತರದಲ್ಲಿ ಟೀ ಬಗ್ಗಿಸುತ್ತಿದ್ದರೆ ಹೆಂಗಸರು ನನ್ನನ್ನು ಮುತ್ತಿಕೊಂಡರು.

"ಎಂಥ ಪುಣ್ಯವಂತೆಯೇ ನೀನು! ಮನೇಲೂ ಹೀಗೇನಾ?"

"ಮನೇಲಿ ಇನ್ನೂ ಜಾಸ್ತಿ. ಉಸಿರಾಡೋಕೆ ಬಿಡಲ್ಲ" ಎಂದೆ. ಕೈಯಲ್ಲಿದ್ದ ಲ್ಯಾಮಿಂಗ್ಟನ್ ಕೇಕ್ ಹಿಸುಕಿ ತೆಂಗಿನ ತುರಿಯೆಲ್ಲ ನೆಲಕ್ಕೆ ಉದುರಿತು.

ಅಷ್ಟರಲ್ಲಿ ಗ್ಲೆನಿಸ್ ಸ್ವತಃ ಬಂದಳು, ಅದೇ ಶಾಲು ಹೊದ್ದುಕೊಂಡು. "ಡೋರೀನ್, ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಕ್ಲೆಮ್ ಕೈ ಎಷ್ಟು ಮೆತ್ತಗಿದೆ ಅಲ್ವಾ? ರೇಷ್ಮೆ!"

"ರೇಷ್ಮೆ ಅಲ್ಲಮ್ಮ, ಕುರಿ ಜಿಡ್ಡು. ಮೂವತ್ತು ವರ್ಷದ್ದು. ಹೋಗು, ಬಿಸಿನೀರಲ್ಲಿ ಸೋಪು ಹಾಕಿ ಕೈ ತೊಳ್ಕೊ."

ಎರಡನೆಯ ಅಂಕ. ಹೆಂಡತಿ ಸಾಯುವ ದೃಶ್ಯ. (ಈ ಅಂಕ ನನಗೆ ಮೊದಲಿನಿಂದಲೂ ಇಷ್ಟ.) ಗ್ಲೆನಿಸ್ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದಳು. ಕ್ಲೆಮ್ ಅವಳ ಪಕ್ಕ ಮಂಡಿಯೂರಿದ. ಅವಳ ಕೈ ಹಿಡಿದ. ಬಾಯಿ ತೆರೆದ.

ಮಾತಿಲ್ಲ.

ನಾನು ನೆಟ್ಟಗೆ ಕೂತೆ. ಪುಸ್ತಕದಲ್ಲಿ ಮುಂದಿನ ಮಾತು ದಪ್ಪ ಅಕ್ಷರದಲ್ಲಿತ್ತು: "ನನ್ನ ಬಂಗಾರ, ನೀನಿಲ್ಲದ ಮನೆಯಲ್ಲಿ ನನಗೇನು ಕೆಲಸ!" ಕ್ಲೆಮ್‌ನ ಬಾಯಿಂದ ಅದು ಹೊರಡಲಿಲ್ಲ. ಬಾ ಮಗನೇ, ಬಾ! ಸಿಕ್ಕಿಬಿದ್ದೆ! ನಾನು ಪುಸ್ತಕ ಮುಚ್ಚಿದೆ. ಛಾವಣಿ ನೋಡಿದೆ. ಹಾಲ್‌ನಲ್ಲಿ ಒಂದು ಕೆಮ್ಮಿಲ್ಲ, ಮಿಸುಕಿಲ್ಲ. ಮುನ್ನೂರು ಜನ ಅವನನ್ನೇ ನೋಡುತ್ತಿದ್ದಾರೆ.

ನೋಡಬಾರದಿತ್ತು, ಆದರೂ ಅವನ ಕಡೆ ನೋಡಿದೆ. ಬಗ್ಗಿ ಬಗ್ಗಿ ಡೊಂಕಾದ ಆ ಬೆನ್ನು. ನೋಯುವ ಮಂಡಿ ಊರಿ ಕೂತಿದ್ದಾನೆ. ಕಿವಿ ಎರಡೂ ಕೆಂಪಗಾಗಿವೆ. ಹೆಣ್ಣು ಕೇಳಲು ನಮ್ಮಪ್ಪನ ಮುಂದೆ ಬಂದು ನಿಂತಾಗಲೂ ಇವನ ಕಿವಿ ಹೀಗೇ ಇತ್ತು; ಆಗಲೂ ಮಾತು ಹೊರಡದೆ ಒದ್ದಾಡಿದ್ದ. ಆಗ ನಮ್ಮಪ್ಪ ನಕ್ಕಿದ್ದ. ಈಗ ಊರೇ ನಗುತ್ತದೆ. ನಾಳೆಯಿಂದ ಈ ಮನುಷ್ಯ ನಾಯಿಯ ಹತ್ತಿರವೂ ಬಾಯಿ ಬಿಡುವುದಿಲ್ಲ.

ಸೇಡು ಗೀಡು ಎಲ್ಲ ಹಾರಿಹೋಯಿತು. ಪಿಸುಗುಟ್ಟಬೇಕು ಎಂಬುದೂ ಮರೆತುಹೋಯಿತು. ಸ್ಟೂಲಿನಿಂದ ಎದ್ದು ನಿಂತು, ಟೀ ಆಯಿತು ಎಂದು ಇಪ್ಪತ್ತೆರಡು ವರ್ಷದಿಂದ ಹಾಲ್‌ನ ಮೂಲೆಮೂಲೆಗೂ ಕೇಳುವಂತೆ ಕೂಗುವ ಅದೇ ಗಂಟಲಿನಲ್ಲಿ ಕೂಗಿಬಿಟ್ಟೆ:

"ನನ್ನ ಬಂಗಾರ! ನೀನಿಲ್ಲದ ಮನೆಯಲ್ಲಿ ನನಗೇನು ಕೆಲಸ!"

ತಗಡು ಝೇಂಕರಿಸಿತು. ಮಾಡಿನ ಮೇಲಿನ ಗಿಳಿಗಳೆಲ್ಲ ಒಮ್ಮೆಗೇ ಕಿರುಚುತ್ತಾ ಹಾರಿದವು.

ಕ್ಲೆಮ್ ನಿಧಾನವಾಗಿ ನನ್ನ ಕಡೆ ತಿರುಗಿದ. "ಕೇಳಿಸ್ತು ಕಣೇ" ಎಂದ. "ಹೇಳ್ತೀನಿ ತಡಿ. ಹತ್ತು ಎಣಿಸು ಅಂದಿದ್ದಾರೆ, ಇನ್ನೂ ಎಂಟೇ ಆಗಿರೋದು."

ಆಮೇಲೆ ನಡೆದದ್ದನ್ನು ನಾನು ಪೂರ್ತಿ ಹೇಳಲಾರೆ. ಹಾಲ್ ನಕ್ಕಿತು ಎಂದರೆ ಸಾಲದು. ಐವಿ ಕುರ್ಚಿಯಿಂದ ಜಾರಿದಳು. ಸತ್ತುಹೋಗಿದ್ದ ಗ್ಲೆನಿಸ್ ಶಾಲನ್ನು ಬಾಯಿಗೆ ತುರುಕಿಕೊಂಡು ಹೊಟ್ಟೆ ಕುಲುಕಿಸುತ್ತಿದ್ದಳು. ಕ್ಲೆಮ್ ಒಬ್ಬನೇ ಗಂಭೀರವಾಗಿ ಒಂಬತ್ತು, ಹತ್ತು ಎಣಿಸಿ, ತನ್ನ ಮಾತನ್ನು ಸ್ಪಷ್ಟವಾಗಿ ಹೇಳಿ ಮುಗಿಸಿದ.

ಪರದೆ ಬಿದ್ದ ಮೇಲೆ ರಾಡ್ರಿಕ್ ಓಡಿಬಂದ. ಮಫ್ಲರ್ ಕಣ್ಣೀರಿನಿಂದ ಒದ್ದೆಯಾಗಿತ್ತು.

"ಅಲ್ಲಿ ಹತ್ತು ಎಣಿಸೋವರೆಗೂ ಮೌನ ಅಂತ ಗುರುವಾರ ಹೇಳಿದ್ನಲ್ಲ ಡೋರೀನ್!"

"ನಾನು ಫ್ಯೂಸ್ ಹಾಕ್ತಾ ಇದ್ದೆ! ತಪ್ಪಾಯ್ತು. ಇವತ್ತೇ ಬಿಟ್ಟುಬಿಡ್ತೀನಿ, ಬೇರೆ ಯಾರನ್ನಾದ್ರೂ ಕೂರಿಸ್ಕೊ."

"ಬಿಡೋದಾ? ನನ್ನ ಮೂವತ್ತು ವರ್ಷದ ರಂಗಜೀವನದಲ್ಲಿ ಇಂಥ ಚಪ್ಪಾಳೆ ಕೇಳಿಲ್ಲ ಕಣಮ್ಮ!"

ಕಾರಿನಲ್ಲಿ ಮನೆಗೆ ಬರುವಾಗ ಕ್ಲೆಮ್ ಗೋದಿ ಹೊಲಗಳನ್ನು ನೋಡುತ್ತಾ ಗಾಡಿ ಓಡಿಸಿದ. ಎರಡು ಮೈಲಿ ಆದ ಮೇಲೆ ಬಾಯಿ ಬಿಟ್ಟ.

"ಚೆನ್ನಾಗಿ ಹೇಳ್ದೆ."

"ಪುಸ್ತಕದಲ್ಲಿ ಇದ್ದದ್ದು ಹೇಳ್ದೆ!"

"ಪುಸ್ತಕ ಮುಚ್ಚಿತ್ತಲ್ಲ?"

ಆ ಸಿಟ್ಟಿಗೆ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಸೋಮವಾರ ಮಾಂಸದಂಗಡಿಯವನು, "ಬನ್ನಿ ಬಂಗಾರ, ಸಾಸೇಜ್ ಎಷ್ಟು ಕಟ್ಲಿ?" ಎಂದ. ಅಂಚೆಯವಳು ಬೇಲಿಯಾಚೆಯಿಂದಲೇ, "ಅವನಿಲ್ಲದ ಮನೆಯಲ್ಲಿ ಏನು ಕೆಲಸ ಡೋರೀನ್?" ಎಂದು ಕೂಗಿದಳು. ಊರಿನಲ್ಲಿ ಗಂಡನ ಮೇಲೆ ಹುಚ್ಚು ಪ್ರೀತಿಯಿರುವ ಹೆಂಗಸು ಎಂದರೆ ಈಗ ನಾನೇ. ಅವನ ಮೇಲೆ ನನಗಿರುವುದು ಕೋಪ, ಬರೀ ಕೋಪ ಎಂದು ಎಷ್ಟು ಹೇಳಿದರೂ ಒಬ್ಬರೂ ನಂಬುತ್ತಿಲ್ಲ.

ಶನಿವಾರ ಮಧ್ಯಾಹ್ನ ಎರಡನೆಯ ಪ್ರದರ್ಶನ. ಈ ಸಲ ಪ್ರಾಣ ಹೋದರೂ ಬಾಯಿ ಬಿಡಬಾರದೆಂದು ಇಡೀ ಲ್ಯಾಮಿಂಗ್ಟನ್ ಒಂದನ್ನು ಬಾಯಿಗೆ ತುಂಬಿಕೊಂಡು ಕೂತೆ. ಕ್ಲೆಮ್ ಮಂಡಿಯೂರಿದ. ನಾನೂ ಮನಸ್ಸಿನಲ್ಲೇ ಎಣಿಸಿದೆ. ಎಂಟು. ಹತ್ತು. ಹದಿನೈದು. ಅವನು ಮಾತಾಡಲಿಲ್ಲ. ಇಪ್ಪತ್ತು. ಮರೆತನೇ? ಇಲ್ಲ, ನನ್ನನ್ನೇ ನೋಡುತ್ತಿದ್ದಾನೆ, ಕಣ್ಣಿನಲ್ಲಿ ಕಳ್ಳ ನಗು! ಮುನ್ನೂರು ತಲೆಗಳೂ ನನ್ನ ಮೂಲೆಯ ಕಡೆಗೇ ತಿರುಗಿವೆ. ಮೂವತ್ತು. ಆ ಹಠಮಾರಿ ಬೇಕಾದರೆ ಸೋಮವಾರದವರೆಗೂ ಹಾಗೇ ಕೂತಿರುತ್ತಾನೆ, ನನಗೆ ಗೊತ್ತು.

ಸತ್ತ ಗ್ಲೆನಿಸ್ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು: "ಹೇಳಿಬಿಡೇ ಡೋರೀನ್, ನನ್ನ ಕಾಲು ಜೋಮು ಹಿಡೀತಾ ಇದೆ!"

ಲ್ಯಾಮಿಂಗ್ಟನ್ ಉಗಿದು, ಎದ್ದು ನಿಂತು, ಕೂಗಿದೆ. ಏನು ಮಾಡಲಿ?

ಇನ್ನು ಮೂರು ಪ್ರದರ್ಶನ ಬಾಕಿ ಇದೆ, ಮೂರಕ್ಕೂ ಒಂದೂ ಕುರ್ಚಿ ಖಾಲಿ ಇಲ್ಲವಂತೆ. ನನ್ನ ಗಂಟಲು ಕಟ್ಟಿಹೋಗಿದೆ. ಬೈಯೋಣ ಎಂದರೆ ಧ್ವನಿಯೇ ಬರುತ್ತಿಲ್ಲ. ಬೆಳಿಗ್ಗೆಯಿಂದ ಕ್ಲೆಮ್ ನನ್ನ ಹಿಂದೆ ಹಿಂದೆಯೇ ಒಂದು ಲೋಟ ಹಿಡಿದುಕೊಂಡು ಓಡಾಡುತ್ತಿದ್ದಾನೆ: "ಉಪ್ಪುನೀರು ಮುಕ್ಕಳಿಸು ಕಣೇ. ಭಾನುವಾರಕ್ಕೆ ಗಂಟಲು ಸರಿಹೋಗ್ಬೇಕು."