ನಡುವಿನ ಬಟನ್ ಯಾರ ಗೇಟಿನದು?

ಮಸ್ಕತ್ತಿನಲ್ಲಿ ಯಾರ ಮನೆಯ ಗೇಟಿಗೆ ಯಾವ ಬಣ್ಣ ಎಂದು ನಮ್ಮ ಭಾವನನ್ನು ಕೇಳಿ, ಥಟ್ಟನೆ ಹೇಳುತ್ತಾರೆ. ಅಷ್ಟು ಗೇಟುಗಳ ಮುಂದೆ ಅವರು ಕಾರು ನಿಲ್ಲಿಸಿದ್ದಾರೆ! ಕಳ್ಳರಲ್ಲ, ಪಾಪ. ಕುತೂಹಲದ ಕಾಯಿಲೆ, ಅಷ್ಟೆ.

ಕಾಯಿಲೆ ಹತ್ತಿದ್ದು ಸೆಕೆಂಡ್ ಹ್ಯಾಂಡ್ ಕಾರಿನಿಂದ. ಅದರ ಕನ್ನಡಿಯ ಕೆಳಗೆ ಮೂರು ಬಟನ್. ಗೇಟಿನ ರಿಮೋಟನ್ನು ಹತ್ತಿರ ಹಿಡಿದು ಕಲಿಸಿಕೊಟ್ಟರೆ, ಆಮೇಲೆ ಕಾರೇ ಗೇಟು ತೆರೆಯುತ್ತದೆ. ನಮ್ಮ ಅಕ್ಕನಿಗೆ ಅದು ಬೇಕೇ ಬೇಕು. ಮನೆಗಿರುವುದು ಒಂದೇ ರಿಮೋಟು, ಅದನ್ನು ಭಾವ ದಿನಾ ಮನೆಯಲ್ಲೇ ಮರೆತು ಹೋಗುತ್ತಾರೆ. ಸಂಜೆ ಹಾರ್ನ್ ಕೇಳಿದ ಕೂಡಲೇ ಅಕ್ಕ ಕಾವಲಿಯ ಮೇಲಿನ ದೋಸೆ ಬಿಟ್ಟು ಓಡಬೇಕು. ಕರಟಿದ ದೋಸೆ ತಿನ್ನುವವರು ಯಾರು? ಅವರ ಮನೆಯಲ್ಲೇ ಠಿಕಾಣಿ ಹೂಡಿರುವ ನಾನು!

ಆದರೆ ಹೊಸ ಗೇಟು ಕಲಿಸುವ ಮೊದಲು ಹಳೆಯದನ್ನೆಲ್ಲ ಅಳಿಸಬೇಕೆಂದು ಕಾರಿನ ಪುಸ್ತಕದಲ್ಲಿದೆ. ಆಚೀಚಿನ ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದರೆ ಮುಗಿಯಿತು. ಭಾವ ಒತ್ತಲಿಲ್ಲ.

“ನಡುವಿನದ್ದು ಒತ್ತಿದ್ರೆ ದೀಪ ಬೇರೆ ಥರ ಮಿನುಗ್ತದೆ ಮಾರಾಯ. ಯಾರೋ ಅವರ ಗೇಟು ಕಲಿಸಿಟ್ಟಿದ್ದಾರೆ. ಯಾರದ್ದು ಅಂತ ಗೊತ್ತಾಗದೆ ಅಳಿಸುವುದು ಹೇಗೆ?”

“ನಿಮಗೆ ಮರ್ಲುಂಟಾ? ಒತ್ತಿ ಖಲಾಸ್ ಮಾಡಿ!” ಎಂದಳು ಅಕ್ಕ.

“ಗೇಟು ಸಿಕ್ಕಿದ ಕೂಡಲೇ ಅಳಿಸ್ತೇನೆ. ಪ್ರಾಮಿಸ್!”

ಅಂದಿನಿಂದ ಊರಿನ ಗೇಟು ಗೇಟಿನ ಮುಂದೆಯೂ ಕಾರು ನಿಲ್ಲಿಸಿ ನಡುವಿನ ಬಟನ್ ಒತ್ತಿ ನೋಡುವುದೇ ಕೆಲಸ. ಹಮ್ರಿಯಾದಲ್ಲಿ ಭಾವ ಬಟನ್ ಒತ್ತುವುದಕ್ಕೂ ಒಂದು ಅಂಗಡಿಯ ಶಟರ್ ಮೇಲೇಳುವುದಕ್ಕೂ ಸರಿಹೋಯಿತು. ಕೂತಲ್ಲೇ ಕುಣಿದುಬಿಟ್ಟರು! ಅಷ್ಟರಲ್ಲಿ ಶಟರಿನಡಿಯಿಂದ ಅದನ್ನು ಎತ್ತುತ್ತಿದ್ದ ಅಂಗಡಿಯವನ ತಲೆ ಹೊರಬಂತು. ಮತ್ರಾದಲ್ಲಿ ಒಬ್ಬ ಮನೆಯ ಯಜಮಾನರು ವಿಚಾರಿಸಲು ಬಂದರು. “ಕುಛ್ ನಹೀ ಭಾಯಿ, ಬಟನ್ ದೇಖ್ ರಹಾ ಹೂಂ,” ಎಂದ ಭಾವನನ್ನು ಮರುಕದಿಂದ ನೋಡಿ, ಖರ್ಜೂರ ಕೊಟ್ಟು ಕಳಿಸಿದರು.

ಕಳೆದ ಶುಕ್ರವಾರ ಮೂವರೂ ಮಸ್ಕತ್ತಿನಿಂದ ಎರಡು ಗಂಟೆ ದೂರದ ಇಬ್ರಾಕ್ಕೆ ಹೋಗಿದ್ದೆವು. ಅಲ್ಲಿನ ಸೂಕ್ ಮಾರ್ಕೆಟಿನ ಹಿಂದಿನ ಬೀದಿಯಲ್ಲಿ ಭಾವ ಅಭ್ಯಾಸಬಲದಿಂದ ಬಟನ್ ಒತ್ತಿದ್ದೇ ತಡ, ಒಂದು ಹಸಿರು ಗೇಟು ಗರ್ರನೆ ಸರಿಯಿತು! ಕುಣಿಯುವುದೇ ಅವರಿಗೆ ಮರೆತುಹೋಯಿತು.

ಒಳಗಿನಿಂದ ಒಬ್ಬ ವೃದ್ಧರು ಬರಿಗಾಲಲ್ಲಿ, ಗೋಡೆ ತಡವುತ್ತ ಬಂದರು. ಕಣ್ಣು ಹೋದ ಮೇಲೆ ಈ ಕಾರನ್ನು ಮಾರಿದ್ದರಂತೆ. ಬಾನೆಟ್ಟಿನ ಮೇಲೆ ಕೈಯಾಡಿಸಿ, “ಥೋಡಾ ಬೈಠೂಂ?” ಎಂದು ಕೇಳಿದರು. ಭಾವ ಇಳಿದು ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ವೃದ್ಧರ ಬೆರಳು ಎಲ್ಲೂ ಹುಡುಕಲಿಲ್ಲ, ನೇರ ನಡುವಿನ ಬಟನ್‌ಗೇ ಹೋಯಿತು. ಗೇಟು ಮುಚ್ಚಿತು. ತೆರೆಯಿತು. ಮತ್ತೆ ಮುಚ್ಚಿತು. ಆ ಸದ್ದು ಕೇಳಿ ಅವರು ನಕ್ಕ ನಗು!

ಅವರನ್ನು ಒಳಗೆ ಬಿಟ್ಟು ಬೀದಿ ತಿರುಗಿದ ಮೇಲೆ ಭಾವ ಕಾರು ನಿಲ್ಲಿಸಿ, ಕೊಟ್ಟ ಮಾತಿನಂತೆ ಆಚೀಚಿನ ಬಟನ್‌ಗಳತ್ತ ಬೆರಳು ಚಾಚಿದರು. ಅಕ್ಕ ಅವರ ಕೈ ಹಿಡಿದುಕೊಂಡಳು.

“ಅಳಿಸ್ಬೇಡಿ,” ಎಂದಳು. “ಬರುವ ಶುಕ್ರವಾರ ಪುನಃ ಬರುವ.”