ಸ್ಟುಡಿಯೋದ ಸರ ಮತ್ತು ನನ್ನ ಮೂಗು

ನನ್ನ ಮುಖ ಚಂದ ಇಲ್ಲವೆಂಬುದನ್ನು ಕನ್ನಡಿಗಿಂತ ಮೊದಲೇ ಚಿಕ್ಕಮ್ಮ ನನಗೆ ಹೇಳಿದ್ದರು. ನನ್ನನ್ನು ಹೆತ್ತ ವಾರದಲ್ಲೇ ಅಮ್ಮ ತೀರಿಕೊಂಡದ್ದರಿಂದ ಕಾಪುವಿನಲ್ಲಿ ನನ್ನನ್ನು ಸಾಕಿದವರು ಅಮ್ಮನ ಈ ತಂಗಿಯೇ. "ನನ್ನ ಅಕ್ಕ ಎಷ್ಟು ಚಂದ ಇದ್ದಳು. ನಿನಗೆ ಈ ಉರುಟು ಗುಳ್ಳಬದನೆ ಮೂಗು ಎಲ್ಲಿಂದ ಬಂತೋ" ಎಂದು ತಲೆ ಬಾಚುವಾಗೆಲ್ಲ ಹೇಳುವರು. ಅಪ್ಪನದು ಗಿಳಿಮೂಗು, ಆ ಕಡೆಯಿಂದ ಬಂದದ್ದಲ್ಲ. ಅಮ್ಮನದನ್ನು ನೋಡೋಣವೆಂದರೆ ಮನೆಯಲ್ಲಿ ಒಂದು ಫೋಟೋ ಇಲ್ಲ. ಮದುವೆಯ ಹೊಸದರಲ್ಲಿ ಕಾರ್ಕಳದ ಸ್ಟುಡಿಯೋದಲ್ಲಿ ತೆಗೆಸಿದ್ದೊಂದನ್ನು ಗೆದ್ದಲು ತಿಂದಿತ್ತು. ಆ ಸ್ಟುಡಿಯೋದಲ್ಲಿ ಒಂದು ರೇಷ್ಮೆ ಸೀರೆ, ಒಂದು ವಾಚು, ಒಂದು ಎರಡೆಳೆ ಸರ ಇತ್ತಂತೆ. ಬಂದ ಹೆಂಗಸರಿಗೆಲ್ಲ ಅದನ್ನೇ ತೊಡಿಸಿ ಕೂರಿಸುವುದು. ಅಮ್ಮ ಸೀರೆ ಉಟ್ಟಳು, ವಾಚು ಕಟ್ಟಿದಳು, ಸರವನ್ನು ಮಾತ್ರ "ಊರಿನವರೆಲ್ಲರ ಬೆವರು ಕುಡಿದದ್ದು ನನಗೆ ಬೇಡ" ಎಂದು ಹಿಂದೆ ಕೊಟ್ಟಳಂತೆ. ಚಿಕ್ಕಮ್ಮ ಇದನ್ನು ಹೇಳುತ್ತಿದ್ದದ್ದು ಹೊಗಳಲಿಕ್ಕಲ್ಲ.

ಹೋದ ತಿಂಗಳು ಮೊಮ್ಮಗಳು ಪೇಪರು ಓದಿ ಹೇಳಿದಳು, ಆ ಸ್ಟುಡಿಯೋದ ಅಟ್ಟದಲ್ಲಿದ್ದ ಗಾಜಿನ ನೆಗೆಟಿವ್‌ಗಳೆಲ್ಲ ಈಗ ಮಣಿಪಾಲದ ಒಂದು ಸಂಗ್ರಹಾಲಯದಲ್ಲಿ ಉಂಟೆಂದು. ನಾನು ಕಲಿತದ್ದು ಬಸ್ಸಿನ ಬೋರ್ಡು ಓದುವಷ್ಟು. ಮಣಿಪಾಲಕ್ಕೆ ಅಷ್ಟು ಸಾಕು. ಉಡುಪಿಯಲ್ಲಿ ಬಸ್ಸು ಬದಲಿಸಿ ಹೋದೆ.

ಗಾಜುಗಳ ಕೋಣೆ ಮೀನಿನ ಐಸ್‌ಪ್ಲಾಂಟಿನಷ್ಟು ತಣ್ಣಗಿತ್ತು. ಬದುಕಿರುವ ನಾವು ಬೆವರಿಕೊಂಡಿರಬೇಕು, ಸತ್ತವರ ಫೋಟೋಕ್ಕೆ ಎಸಿ. ನೋಡಿಕೊಳ್ಳುವವಳು ಸಫಿಯಾ ಎಂಬ ಹೂಡೆ ಊರಿನ ಹುಡುಗಿ. ನನ್ನ ಕೊರಳಿನ ಶಿಲುಬೆ ನೋಡಿ, ಈ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಎಲ್ಲರೂ ಕರೆಯುವ ಹಾಗೆ ಬಾಯಮ್ಮ ಎಂದು ಕರೆದು, ದಾರಕ್ಕೆ ಕಟ್ಟಿದ ಒಂದು ಬಿಲ್ಲೆ ತಂದಳು.

"ಇದನ್ನು ಕೊರಳಿಗೆ ಹಾಕಿಕೊಳ್ಳಿ ಬಾಯಮ್ಮ. ಬಂದವರೆಲ್ಲ ಹಾಕಬೇಕು."

"ಬಂದವರೆಲ್ಲ ಹಾಕಿದ್ದಾ? ತೊಳೆದದ್ದು ಉಂಟಾ?"

"ಇಲ್ಲ."

"ಹಾಗಾದರೆ ನೀನೇ ಇಟ್ಟುಕೋ."

ಅವಳು ಗಾಜೊಂದನ್ನು ಬೆಳಕಿಗೆ ಹಿಡಿದು ತೋರಿಸಿದಳು. ಮುಖವೆಲ್ಲ ಮಸಿ, ಕೂದಲು ಬೆಳ್ಳಗೆ. ಕಂಪ್ಯೂಟರಿನಲ್ಲಿ ಅದನ್ನೇ ಸರಿಮಾಡಿ ತೋರಿಸಿದರೆ ಎಲ್ಲ ಹೆಂಗಸರದ್ದೂ ಒಂದೇ ಸೀರೆ, ಒಂದೇ ವಾಚು, ಒಂದೇ ಸರ.

"ಇವರೆಲ್ಲ ಒಂದೇ ಮನೆಯವರು, ಭಾರೀ ಶ್ರೀಮಂತರು ಅಂತ ನಾವು ಎಣಿಸಿದ್ದು" ಎಂದಳು ಸಫಿಯಾ.

"ಆ ಶ್ರೀಮಂತಿಕೆ ಕುರ್ಚಿಯಿಂದ ಏಳುವವರೆಗೆ ಮಾತ್ರ ಮಾರಾಯ್ತಿ. ನನ್ನ ಅಮ್ಮ ಆ ಸರ ಬೇಡ ಎಂದವಳು, ನೀನು ಸರ ಇಲ್ಲದವಳನ್ನು ಹುಡುಕು."

ಒಬ್ಬೊಬ್ಬರೇ ಬಂದು ಹೋದರು, ಎಲ್ಲರ ಕೊರಳಲ್ಲೂ ಆ ದರಿದ್ರ ಸರ. ಮಧ್ಯಾಹ್ನದ ಹೊತ್ತಿಗೆ ನಾನು ಚೀಲ ಎತ್ತಿಕೊಂಡೆ. ಗಾಜು ತಾನೆ, ಅಮ್ಮನದು ಒಡೆದಿರಬಹುದು. ಆಗ ಸಫಿಯಾಳ ಬೆರಳು ನಿಂತಿತು. ಸೀರೆ ಅದೇ, ವಾಚು ಅದೇ, ಕೊರಳು ಬೋಳು. ಹುಬ್ಬು ಗಂಟು ಹಾಕಿ ನನ್ನನ್ನೇ ನೋಡುತ್ತಿದ್ದ ಆ ಮುಖದ ನಡುವೆ ಗುಳ್ಳಬದನೆಯಂಥ ಮೂಗು. ನಾನು ಪುನಃ ಕೂತೆ.

ಸಫಿಯಾ ಪರದೆ ನೋಡಿದಳು, ನನ್ನನ್ನು ನೋಡಿದಳು, ಮೇಜಿನ ಮೇಲಿದ್ದ ಬಿಲ್ಲೆ ನೋಡಿ ನಗಲಿಕ್ಕೆ ಶುರುಮಾಡಿದಳು.

"ಎಂತ ನಗುವುದು?"

"ಎಂತ ಇಲ್ಲ ಬಾಯಮ್ಮ. ಹೆಸರು ಹೇಳಿ. ಇಲ್ಲಿ ಇವರಿಗೆ ಇಷ್ಟು ದಿನ ಹೆಸರೇ ಇರಲಿಲ್ಲ."

"ಸೆರಾಫಿನ್" ಎಂದೆ. ಅಮ್ಮನ ಹೆಸರನ್ನು ಅಷ್ಟು ಗಟ್ಟಿಯಾಗಿ ಹೇಳಿ ಅಭ್ಯಾಸವಿರಲಿಲ್ಲ.

ಅವಳು ಕೊಟ್ಟ ಪ್ರಿಂಟು ಈಗ ನಮ್ಮ ಗೋಡೆಯಲ್ಲುಂಟು. ಒಂದೇ ಮುಖವನ್ನು ಚಿಕ್ಕಮ್ಮ ಅಕ್ಕನಿಗಿದ್ದಾಗ ಚಂದ ಎಂದರು, ನನಗಿದ್ದಾಗ ಅಲ್ಲ ಎಂದರು. ಎರಡರಲ್ಲಿ ಒಂದು ಸುಳ್ಳು. ಯಾವುದು ಸುಳ್ಳೆಂದು ನಾನು ತೀರ್ಮಾನ ಮಾಡಿಯಾಗಿದೆ. ಹಾಗಾಗಿ ಕನ್ನಡಿಯ ಮುಂದೆ ಹೊತ್ತು ಹೋಗುವುದು ಜಾಸ್ತಿಯಾಗಿ ಮೊನ್ನೆ ಮೀನುಸಾರು ಸೀದುಹೋಯಿತು.